ಬೆಣ್ಣೆಯಲ್ಲಿಲ್ಲದ್ದು ಮಜ್ಜಿಗೆಯಲ್ಲಿದೆ

ದಾವಣಗೆರೆ ಎಂದೊಡನೆ ಪರಸ್ಥಳದವರ ಬಾಯಲ್ಲಿ ಬರುವ ಮೊದಲ ಮಾತು ಬೆಣ್ಣೆದೋಸೆ. ಧಾರಾಳವಾಗಿ ಬೆಣ್ಣೆ ಹಾಕಿ ಕಾವಲಿಯ ಮೇಲೆ ಬೇಯಿಸಿದ ಆ ದೋಸೆಯ ಕೀರ್ತಿ ಇಂದು ನಾಡಿನ ಎಲ್ಲ ಪಟ್ಟಣಗಳಿಗೂ ಹಬ್ಬಿದೆ. ಆದರೆ ಮೊಸರನ್ನು ಕಡೆದು ಬೆಣ್ಣೆ ತೆಗೆದ ಮೇಲೆ ಗಡಿಗೆಯಲ್ಲಿ ಉಳಿಯುವ ಮಜ್ಜಿಗೆಯ ಕೀರ್ತಿಯನ್ನು ಹಾಡುವವರು ಕಡಿಮೆ. ಬೆಣ್ಣೆಗೆ ಬೆಲೆಯುಂಟು, ಮಜ್ಜಿಗೆಯನ್ನು ಕೇಳಿದವರಿಗೆಲ್ಲ ಕೊಡುವುದುಂಟು. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಈ ಎಣಿಕೆಯನ್ನು ನಾವು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ.

ಕಡೆಯುವಾಗ ಹಾಲಿನ ಕೊಬ್ಬು ಒಟ್ಟುಗೂಡಿ ಮೇಲೆ ಬರುತ್ತದೆ. ನೀರಿನಲ್ಲಿ ಕರಗುವ ಸತ್ವಗಳು ಕೆಳಗೇ ಉಳಿಯುತ್ತವೆ. ಹಸುವಿನ ಬೆಣ್ಣೆಯ ಹಳದಿ ಬಣ್ಣಕ್ಕೆ ಕಾರಣ ಕ್ಯಾರೋಟಿನ್. ಅದು ಹಸಿರು ಮೇವಿನಿಂದ ಬಂದು ಕೊಬ್ಬಿನಲ್ಲಿ ಕರಗಿರುವಂಥದು. ಮೊಸರಿನ ಮೇಲೆ ನಿಲ್ಲುವ ತಿಳಿನೀರನ್ನು ಗಮನಿಸಿದವರಿಗೆ ಅಲ್ಲಿಯೂ ಒಂದು ಬಣ್ಣ ಕಾಣುತ್ತದೆ. ಹಸಿರು ಬೆರೆತ ತೆಳುಹಳದಿ. ಇದು ಕ್ಯಾರೋಟಿನ್ ಅಲ್ಲ. ಇದು ರೈಬೋಫ್ಲೇವಿನ್, ಅಂದರೆ ಬಿ-2 ಜೀವಸತ್ವ. ನೀರಿನಲ್ಲಿ ಕರಗುವ ಸತ್ವವಾದ್ದರಿಂದ ಇದು ಬೆಣ್ಣೆಯ ಜೊತೆ ಹೋಗದೆ ಮಜ್ಜಿಗೆಯಲ್ಲಿಯೇ ಉಳಿದುಬಿಡುತ್ತದೆ.

ಬಾಯಿಯ ಮೂಲೆ ಒಡೆದಾಗ, ನಾಲಗೆ ಉರಿದಾಗ, "ಉಷ್ಣವಾಗಿದೆ, ಮಜ್ಜಿಗೆ ಕುಡಿ" ಎಂದು ನಮ್ಮ ಮನೆಗಳ ಹಿರಿಯರು ಹೇಳುವ ಮಾತು ಎಲ್ಲರಿಗೂ ಗೊತ್ತು. ಉಷ್ಣದ ಮಾತು ಹೇಗೇ ಇರಲಿ, ಅವರು ಕೊಟ್ಟ ಲೋಟದಲ್ಲಿ ಈ ಹಳದಿ ಸತ್ವವಿತ್ತೆಂಬುದು ನಿಜ. ಆದರೆ ಆ ಸತ್ವ ದೇಹದೊಳಗೆ ಮಾಡುವುದಾದರೂ ಏನು? "ಜೀವಸತ್ವ ಶಕ್ತಿ ಕೊಡುತ್ತದೆ" ಎಂಬುದು ರೂಢಿಯ ಮಾತು. ವಾಸ್ತವದಲ್ಲಿ ರೈಬೋಫ್ಲೇವಿನ್ ತಾನಾಗಿ ಯಾವ ಶಕ್ತಿಯನ್ನೂ ಕೊಡುವುದಿಲ್ಲ. ಅದು ಒಂದು ಪ್ರೋಟೀನಿನೊಳಗೆ ತನ್ನ ಸ್ಥಾನದಲ್ಲಿ ಹೋಗಿ ಕುಳಿತಾಗ ಮಾತ್ರ ಕೆಲಸ ನಡೆಯುತ್ತದೆ. ಈ ಒಂದು ಸಂಗತಿ ತಿಳಿದರೆ ಕೊರತೆ ಏಕೆ ಬರುತ್ತದೆ, ಮಾತ್ರೆ ಎಷ್ಟು ಉಪಕಾರಿ, ಅಡುಗೆಮನೆಯಲ್ಲಿ ಯಾವುದಕ್ಕೆ ಎಚ್ಚರ ಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಹಳದಿ ಕಿಣ್ವ

ದೇಹದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು. 1932ರಲ್ಲಿ ಜರ್ಮನಿಯ ಒಟ್ಟೊ ವಾರ್‌ಬರ್ಗ್ ಮತ್ತು ವಾಲ್ಟರ್ ಕ್ರಿಶ್ಚಿಯನ್ ಎಂಬ ವಿಜ್ಞಾನಿಗಳು ಯೀಸ್ಟಿನಿಂದ ಒಂದು ಕಿಣ್ವವನ್ನು ಬೇರ್ಪಡಿಸಿದರು. ಅದರ ಬಣ್ಣ ಹಳದಿಯಾಗಿದ್ದುದರಿಂದ ಅದಕ್ಕೆ ಹಳದಿ ಕಿಣ್ವವೆಂದೇ ಹೆಸರಾಯಿತು. ಮರುವರ್ಷ ರಿಚರ್ಡ್ ಕೂನ್ ಮತ್ತು ಅವರ ಸಂಗಡಿಗರು ಆಹಾರವಸ್ತುಗಳಿಂದ ರೈಬೋಫ್ಲೇವಿನ್ನನ್ನು ಶುದ್ಧರೂಪದಲ್ಲಿ ಪಡೆದರು. 1935ರಲ್ಲಿ ಕೂನ್ ಅವರ ತಂಡವೂ ಸ್ವಿಟ್ಜರ್ಲೆಂಡಿನ ಪಾಲ್ ಕಾರರ್ ಅವರ ತಂಡವೂ ಅದನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿ ತೋರಿಸಿದವು.

ಹಾಲಿನ ಹಳದಿಗೂ ಕಿಣ್ವದ ಹಳದಿಗೂ ಇರುವ ನಂಟನ್ನು ನಿಸ್ಸಂದೇಹವಾಗಿ ತೋರಿಸಿದವರು ಸ್ವೀಡನ್ನಿನ ಹ್ಯೂಗೊ ಥಿಯೊರೆಲ್. 1934ರ ಸುಮಾರಿಗೆ ವಾರ್‌ಬರ್ಗ್ ಅವರ ಬರ್ಲಿನ್ ಪ್ರಯೋಗಾಲಯದಲ್ಲಿದ್ದಾಗ ಅವರು ಹಳದಿ ಕಿಣ್ವವನ್ನು ಸೂಕ್ಷ್ಮ ಪೊರೆಯ ಚೀಲದಲ್ಲಿಟ್ಟು, ತಂಪಿನಲ್ಲಿ, ಆಮ್ಲದ ನೆರವಿನಿಂದ ಎರಡು ಭಾಗಗಳಾಗಿ ಬೇರ್ಪಡಿಸಿದರು. ಹಳದಿ ಬಣ್ಣ ಪೊರೆಯನ್ನು ದಾಟಿ ಹೊರಗೆ ಹೋಯಿತು. ಬಣ್ಣವಿಲ್ಲದ ಪ್ರೋಟೀನು ಒಳಗೆ ಉಳಿಯಿತು. ಪ್ರೋಟೀನನ್ನಷ್ಟೇ ಪರೀಕ್ಷಿಸಿದರೆ ಕೆಲಸವಿಲ್ಲ. ಹಳದಿ ದ್ರವ್ಯವನ್ನಷ್ಟೇ ಪರೀಕ್ಷಿಸಿದರೂ ಕೆಲಸವಿಲ್ಲ. ಎರಡನ್ನೂ ಮತ್ತೆ ಕೂಡಿಸಿದಾಗ ಕಿಣ್ವ ಮೊದಲಿನಂತೆಯೇ ದುಡಿಯತೊಡಗಿತು. ಆ ಹಳದಿ ದ್ರವ್ಯ ಬೇರೇನೂ ಅಲ್ಲ, ಒಂದು ಫಾಸ್ಫೇಟನ್ನು ಅಂಟಿಸಿಕೊಂಡ ರೈಬೋಫ್ಲೇವಿನ್. ಹೀಗೆ ಪ್ರೋಟೀನಿನ ಜೊತೆಗೂಡಿ ಕೆಲಸ ಸಾಗಿಸುವ ಸಣ್ಣ ವಸ್ತುವಿಗೆ ಸಹಕಿಣ್ವವೆಂದು ಹೆಸರು. ಕಿಣ್ವಗಳ ಕುರಿತ ಸಂಶೋಧನೆಗಾಗಿ ಥಿಯೊರೆಲ್ ಅವರಿಗೆ 1955ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹರಿಹರದ ಲೇತು, ದಾವಣಗೆರೆಯ ಲಾಳಿ

ಸಹಕಿಣ್ವದ ಬಗೆ ತಿಳಿಯಲು ನಮ್ಮ ಸೀಮೆಯವರು ದೂರ ಹೋಗಬೇಕಿಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆದರೆ ಅಲ್ಲಿ ತಯಾರಾಗುತ್ತಿದ್ದ ಲೇತ್ ಯಂತ್ರಗಳನ್ನು ಕಂಡವರು, ಅವುಗಳ ಮೇಲೆ ದುಡಿದವರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಲೇತಿನಲ್ಲಿ ಕಬ್ಬಿಣವನ್ನು ಕೊರೆಯುವುದು ಬೆರಳುದ್ದದ ಒಂದು ಟೂಲು. ಅದನ್ನು ಕೈಯಲ್ಲಿ ಹಿಡಿದುಕೊಂಡರೆ ಕಬ್ಬಿಣದ ಮೇಲೆ ಗೆರೆಯೂ ಮೂಡದು. ಟೂಲಿಲ್ಲದ ಲೇತು ಎಷ್ಟೇ ವೇಗವಾಗಿ ತಿರುಗಿದರೂ ಚೂರೂ ಸವೆಯದು. ಟೂಲನ್ನು ಅದರ ಸ್ಥಾನದಲ್ಲಿ ಸರಿಯಾದ ಕೋನಕ್ಕೆ ಬಿಗಿದಾಗಲೇ ಕೆಲಸ. ಪ್ರೋಟೀನು ಲೇತಿನಂತೆ, ರೈಬೋಫ್ಲೇವಿನ್ನಿನಿಂದಾದ ಸಹಕಿಣ್ವ ಟೂಲಿನಂತೆ.

ರೈಬೋಫ್ಲೇವಿನ್ ಅಣುವಿಗೆ ಮೂರು ಉಂಗುರಗಳು ಕೂಡಿಕೊಂಡ ಚಪ್ಪಟೆ ತಲೆಯೊಂದು, ಅದಕ್ಕೆ ಸಕ್ಕರೆಯ ಜಾತಿಗೆ ಹತ್ತಿರವಾದ ಬಾಲವೊಂದು ಇರುತ್ತದೆ. ಕೆಲಸ ಮಾಡುವುದು ತಲೆ. ಅದು ಆಹಾರದ ಅಣುವಿನಿಂದ ಜಲಜನಕದ ಎರಡು ಪರಮಾಣುಗಳನ್ನು ಕಿತ್ತು ತನ್ನ ಮೇಲೆ ಹೊತ್ತುಕೊಳ್ಳಬಲ್ಲುದು, ಆಮೇಲೆ ಮುಂದಿನವರಿಗೆ ಅವನ್ನು ದಾಟಿಸಬಲ್ಲುದು. ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಒಂದೊಂದಾಗಿ ಕೊಡುವ ಸಾಮರ್ಥ್ಯವೂ ಅದಕ್ಕುಂಟು. ಈ ಗುಣ ಎಲ್ಲ ಸಹಕಿಣ್ವಗಳಿಗೂ ಇಲ್ಲ. ಹೊರೆ ಹೊತ್ತಾಗ ಅದರ ಹಳದಿ ಮಾಸುತ್ತದೆ, ಹೊರೆ ಇಳಿಸಿದಾಗ ಹಳದಿ ಮರಳುತ್ತದೆ. ಬಾಲದ ತುದಿಗೆ ಸೇರುವ ಫಾಸ್ಫೇಟ್ ಮೊದಲಾದ ಭಾಗಗಳು ಅಣುವನ್ನು ಪ್ರೋಟೀನಿನ ಗೂಡಿನಲ್ಲಿ ಭದ್ರವಾಗಿ ಹಿಡಿದಿಡುವ ಕೊಕ್ಕೆಗಳಂತೆ ನೆರವಾಗುತ್ತವೆ.

ಇಲ್ಲಿ ಪ್ರೋಟೀನು ಬರಿಯ ಹಿಡಿಕೆಯಲ್ಲ. ಗೂಡಿನ ಗೋಡೆಗಳಲ್ಲಿ ಯಾವ ಅಮೈನೋ ಆಮ್ಲಗಳಿವೆ ಎಂಬುದರ ಮೇಲೆ ಅದೇ ಸಹಕಿಣ್ವದ ಸ್ವಭಾವ ಬದಲಾಗುತ್ತದೆ. ಒಂದು ಗೂಡಿನಲ್ಲಿ ಅದು ಕೊಬ್ಬಿನಿಂದ ಜಲಜನಕವನ್ನು ಕೀಳುತ್ತದೆ. ಇನ್ನೊಂದರಲ್ಲಿ ಹಾನಿಕರ ವಸ್ತುಗಳಿಂದ ಕೆಂಪು ರಕ್ತಕಣವನ್ನು ಕಾಪಾಡುವ ಕೆಲಸಕ್ಕೆ ನೆರವಾಗುತ್ತದೆ. ಮತ್ತೊಂದರಲ್ಲಿ ಮಿದುಳಿನ ಸಂದೇಶವಾಹಕ ವಸ್ತುಗಳನ್ನು ಒಡೆಯುತ್ತದೆ. ಟೂಲು ಒಂದೇ, ಬಿಗಿದ ಯಂತ್ರ ಬೇರೆ. ಮಾನವ ದೇಹದಲ್ಲಿ ಇಂಥ ಸುಮಾರು 90 ಪ್ರೋಟೀನುಗಳಿವೆಯೆಂದು ಲೆಕ್ಕ ಹಾಕಲಾಗಿದೆ.

ಬಿ-3 ಎಂದು ಹೆಸರಾದ ನಯಾಸಿನ್ನಿನಿಂದಲೂ ಒಂದು ಸಹಕಿಣ್ವ ಸಿದ್ಧವಾಗುತ್ತದೆ. ಅದು ದಾವಣಗೆರೆಯ ಬಟ್ಟೆ ಗಿರಣಿಗಳ ಮಗ್ಗಗಳಲ್ಲಿ ಅತ್ತಿಂದಿತ್ತ ಓಡುತ್ತಿದ್ದ ಲಾಳಿಯಂತೆ. ಒಂದು ಕಿಣ್ವದಲ್ಲಿ ಜಲಜನಕವನ್ನು ಹೊತ್ತು, ಅಲ್ಲಿಂದ ಬಿಡಿಸಿಕೊಂಡು, ಮತ್ತೊಂದು ಕಿಣ್ವಕ್ಕೆ ಒಯ್ದು ಕೊಡುತ್ತದೆ. ರೈಬೋಫ್ಲೇವಿನ್ನಿನ ಸಹಕಿಣ್ವ ಹಾಗೆ ತಿರುಗಾಡುವುದಿಲ್ಲ. ಅದು ತನ್ನ ಪ್ರೋಟೀನನ್ನು ಬಿಟ್ಟು ಕದಲದೆ ಕುಳಿತಲ್ಲಿಯೇ ತೆಗೆದುಕೊಂಡು ಕುಳಿತಲ್ಲಿಯೇ ಕೊಡುತ್ತದೆ. ಕೆಲವು ಕಿಣ್ವಗಳಲ್ಲಂತೂ ಅದು ಪ್ರೋಟೀನಿಗೆ ಬೆಸುಗೆ ಹಾಕಿದಂತೆ ಶಾಶ್ವತವಾಗಿ ಅಂಟಿಕೊಂಡಿರುತ್ತದೆ.

ಹೆಸರುಕಾಳಿನ ಪಾಠ

ನಾವು ಉಣ್ಣುವ ರೈಬೋಫ್ಲೇವಿನ್ ನೇರವಾಗಿ ಗೂಡಿಗೆ ಹೋಗಿ ಕೂರಲಾರದು. ಜೀವಕೋಶ ಮೊದಲು ಅದಕ್ಕೆ ಒಂದು ಫಾಸ್ಫೇಟನ್ನು ಅಂಟಿಸುತ್ತದೆ. ಹೀಗಾದದ್ದು ಎಫ್‌ಎಂಎನ್ ಎಂಬ ಸಹಕಿಣ್ವ. ಅದಕ್ಕೆ ಮತ್ತೂ ಒಂದು ಭಾಗ ಸೇರಿದರೆ ಎಫ್‌ಎಡಿ ಎಂಬ ಇನ್ನೊಂದು ಸಹಕಿಣ್ವ. ಮೊದಲ ಕೆಲಸವನ್ನು ಮಾಡುವ ಕಿಣ್ವಕ್ಕೆ ಫ್ಲೇವೋಕೈನೇಸ್ ಎಂದು ಹೆಸರು.

ಈ ಕಿಣ್ವಗಳು ಸಸ್ಯಗಳಲ್ಲಿ ಹೇಗೆ ಕೆಲಸ ಮಾಡುತ್ತವೆಂಬುದನ್ನು ಲೋಕಕ್ಕೆ ತಿಳಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದವರು ಅಗ್ರಗಣ್ಯರು. ಪ್ರಾಧ್ಯಾಪಕ ಕೆ. ವಿ. ಗಿರಿ ಮತ್ತು ಎನ್. ಅಪ್ಪಾಜಿರಾವ್ ಮೊದಲಾದವರ ಈ ಕುರಿತ ಪ್ರಬಂಧಗಳು 1958 ಮತ್ತು 1960ರಲ್ಲಿ ಪ್ರಕಟವಾದವು. ಮುಂದೆ 1981ರಲ್ಲಿ ಅಪ್ಪಾಜಿರಾವ್ ಅವರ ತಂಡ ಫ್ಲೇವೋಕೈನೇಸನ್ನು ಶುದ್ಧೀಕರಿಸಿದ್ದು ನಮ್ಮ ಕೋಸಂಬರಿಯ ಹೆಸರುಕಾಳಿನಿಂದ. ಮನೆಯ ಡಬ್ಬಿಯಲ್ಲಿರುವ ಕಾಳಿನೊಳಗೆ ಇಷ್ಟು ನಾಜೂಕಾದ ವ್ಯವಸ್ಥೆಯಿದೆಯೆಂಬುದನ್ನು ನೆನೆದರೆ ಆ ಕಾಳಿನ ಮೇಲೆ ಗೌರವ ಹುಟ್ಟದಿರದು.

ಅದೇ ಸಂಸ್ಥೆಯ ಪಿ. ರಾಧಾಕಾಂತ ಅಡಿಗರು ಮತ್ತೊಂದು ದಿಕ್ಕಿನಲ್ಲಿ ದುಡಿದರು. ರೈಬೋಫ್ಲೇವಿನ್ನನ್ನು ಹಿಡಿದುಕೊಳ್ಳುವ ಪ್ರೋಟೀನುಗಳೆಲ್ಲ ಅದನ್ನು ದುಡಿಸುವವುಗಳಲ್ಲ. ಹೊತ್ತು ಸಾಗಿಸುವ ಪ್ರೋಟೀನುಗಳೂ ಇವೆ. ಕೋಳಿಯ ದೇಹದಲ್ಲಿ ಇಂಥ ಒಂದು ಪ್ರೋಟೀನು ಈ ಸತ್ವವನ್ನು ಮೊಟ್ಟೆಗೆ ತಂದು ತುಂಬುತ್ತದೆ. ಹುಟ್ಟಿನಿಂದಲೇ ಈ ಪ್ರೋಟೀನಿಲ್ಲದ ಕೋಳಿಗೆ ಎಷ್ಟು ಒಳ್ಳೆಯ ಆಹಾರ ಕೊಟ್ಟರೂ ಅದರ ಮೊಟ್ಟೆಯಲ್ಲಿ ರೈಬೋಫ್ಲೇವಿನ್ ಸೇರದೆ ಮರಿ ಒಳಗೇ ಸಾಯುತ್ತದೆ. ಗರ್ಭಿಣಿಯಾದ ಇಲಿಯ ರಕ್ತದಲ್ಲಿಯೂ ರೈಬೋಫ್ಲೇವಿನ್ನನ್ನು ಹಿಡಿದಿಡುವ ಪ್ರೋಟೀನಿರುವುದನ್ನು ಅಡಿಗರ ತಂಡ 1980ರಲ್ಲಿ ವರದಿ ಮಾಡಿತು. ಅದೇ ವರ್ಷ ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಸಂದಿತು. ತಾಯಿ ಉಂಡದ್ದು ಕೂಸಿಗೆ ತಲುಪುವ ದಾರಿಯಲ್ಲಿಯೂ ಪ್ರೋಟೀನಿನ ಕೈ ಇದೆಯೆಂಬುದು ಇಂಥ ಸಂಶೋಧನೆಗಳಿಂದ ನಮಗೆ ತಿಳಿಯುವ ಮಾತು.

ಬೆಣ್ಣೆ ಕರಗುವ ಬಗೆ

ಈಗ ಬೆಣ್ಣೆದೋಸೆಗೆ ಮರಳೋಣ. ದೋಸೆಯ ಅಕ್ಕಿಯಲ್ಲಿರುವ ಪಿಷ್ಟ ಜೀರ್ಣವಾಗಿ ಗ್ಲೂಕೋಸಾಗುತ್ತದೆ; ಅದು ಒಡೆಯುತ್ತ ಬಂದು ಕೊನೆಗೆ ಪೂರ್ತಿ ಉರಿಯುವ ದಾರಿಯಲ್ಲಿ ಎಫ್‌ಎಡಿ ಹಿಡಿದ ಕಿಣ್ವಗಳನ್ನು ದಾಟಿಯೇ ಹೋಗಬೇಕು. ಬೆಣ್ಣೆಯ ಕೊಬ್ಬಿನ ಆಮ್ಲಗಳನ್ನು ತುಂಡರಿಸಲು ಹೊರಟಾಗ ಮೊದಲು ಕೈ ಹಾಕುವ ಕಿಣ್ವವೂ ಎಫ್‌ಎಡಿಯನ್ನು ಹೊತ್ತದ್ದೇ. ಹೀಗೆ ಕಿತ್ತ ಜಲಜನಕ ಕೊನೆಗೆ ನಾವು ಉಸಿರಾಡಿದ ಆಮ್ಲಜನಕವನ್ನು ಸೇರಿ ನೀರಾಗುತ್ತದೆ. ಆ ದಾರಿಯಲ್ಲಿ ಬಿಡುಗಡೆಯಾದ ಶಕ್ತಿಯಿಂದ ನಮ್ಮ ನಡೆ, ನುಡಿ, ದುಡಿಮೆ ಎಲ್ಲವೂ ಸಾಗುತ್ತವೆ. ಅಲ್ಲಿಯೂ ಹೆಬ್ಬಾಗಿಲಿನಲ್ಲಿ ಎಫ್‌ಎಂಎನ್ ಹಿಡಿದ ಪ್ರೋಟೀನು ನಿಂತಿದೆ. ಬೆಣ್ಣೆಯನ್ನು ಅರಗಿಸಿ ಶಕ್ತಿಯಾಗಿಸುವ ಸತ್ವ ಬೆಣ್ಣೆಯಲ್ಲಿಲ್ಲ, ಮಜ್ಜಿಗೆಯಲ್ಲಿದೆ ಎಂಬುದು ಸೋಜಿಗವಾದರೂ ಸತ್ಯ.

ಗೂಡು ಖಾಲಿಯಾದಾಗ

ಆಹಾರದಲ್ಲಿ ರೈಬೋಫ್ಲೇವಿನ್ ಕಡಿಮೆಯಾದರೆ ಪ್ರೋಟೀನು ಇದ್ದರೂ ಗೂಡು ಖಾಲಿಯಾಗಿ ಉಳಿಯುತ್ತದೆ. ತುಟಿಯ ಮೂಲೆಗಳು ಒಡೆಯುವುದು, ತುಟಿ ಸಿಪ್ಪೆಯೇಳುವುದು, ನಾಲಗೆ ಕೆಂಪೇರಿ ನುಣುಪಾಗುವುದು, ಮೂಗಿನ ಬದಿಯ ಚರ್ಮ ಜಿಡ್ಡಾಗಿ ಹೊಟ್ಟೇಳುವುದು, ಬೆಳಕಿಗೆ ಕಣ್ಣು ಚುಚ್ಚುವುದು ಇದರ ಹೊರಗುರುತುಗಳು. ಒಳಗಿನ ಹಾನಿ ಇನ್ನೂ ದೊಡ್ಡದು. ದೇಹ ತನ್ನಲ್ಲಿ ಕೂಡಿಟ್ಟ ಕಬ್ಬಿಣವನ್ನು ಬಿಡಿಸಿಕೊಂಡು ರಕ್ತಕ್ಕೆ ಬಳಸಲು ಈ ಸತ್ವ ನೆರವಾಗುವುದರಿಂದ ರಕ್ತಹೀನತೆಗೂ ಇದಕ್ಕೂ ನಂಟಿದೆ. ಬಿ-6 ಜೀವಸತ್ವವನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುವ ಕಿಣ್ವವೂ ಎಫ್‌ಎಂಎನ್ ಇಲ್ಲದೆ ನಡೆಯದು. ಒಂದರ ಕೊರತೆ ಇನ್ನೊಂದರ ಕೊರತೆಯಾಗಿ ಕಾಣುವುದು ಹೀಗೆ. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಹೆಚ್ಚು ಎಚ್ಚರದಿಂದಿರಬೇಕು. ಮನೆಯವರಿಗೆಲ್ಲ ಬಡಿಸಿ ಉಳಿದದ್ದನ್ನು ಉಣ್ಣುವ ಗೃಹಿಣಿಯರ ಲೋಟಕ್ಕೆ ಹಾಲು ಮಜ್ಜಿಗೆ ಕೊನೆಗೆ ಬರುವುದು, ಕೆಲವೊಮ್ಮೆ ಬಾರದೆಯೇ ಇರುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಅವರೂ ಈ ಸಾಲಿಗೆ ಸೇರಿದವರೇ.

ಬಾಯಿಮೂಲೆ ಒಡೆಯುವುದಕ್ಕೆ ಕಬ್ಬಿಣದ ಕೊರತೆ, ಶಿಲೀಂಧ್ರದ ಸೋಂಕು ಮೊದಲಾದ ಬೇರೆ ಕಾರಣಗಳೂ ಉಂಟು. ಆದ್ದರಿಂದ ಹಲವು ದಿನ ಮಾಯದಿದ್ದರೆ ವೈದ್ಯರಿಗೆ ತೋರಿಸುವುದು ಲೇಸು.

ಕೊರತೆಯನ್ನು ಕಂಡುಹಿಡಿಯುವ ರಕ್ತಪರೀಕ್ಷೆಯೊಂದು ಥಿಯೊರೆಲ್ ಅವರ ಪ್ರಯೋಗವನ್ನೇ ನೆನಪಿಗೆ ತರುವಂಥದು. ಕೆಂಪು ರಕ್ತಕಣಗಳಲ್ಲಿ ಗ್ಲುಟಾಥಯೋನ್ ರಿಡಕ್ಟೇಸ್ ಎಂಬ ಕಿಣ್ವವಿದೆ. ಅದಕ್ಕೆ ಎಫ್‌ಎಡಿ ಬೇಕು. ರಕ್ತದ ಮಾದರಿಯನ್ನು ಎರಡು ಪಾಲು ಮಾಡಿ ಒಂದಕ್ಕೆ ಹೊರಗಿನಿಂದ ಎಫ್‌ಎಡಿ ಬೆರೆಸುತ್ತಾರೆ. ಗೂಡುಗಳೆಲ್ಲ ಮೊದಲೇ ತುಂಬಿದ್ದರೆ ಎರಡೂ ಪಾಲುಗಳ ಕೆಲಸ ಹೆಚ್ಚುಕಡಿಮೆ ಸಮ. ಅನುಪಾತ 1ರ ಸಮೀಪ. ಖಾಲಿ ಗೂಡುಗಳಿದ್ದರೆ ಬೆರೆಸಿದ ಪಾಲು ಒಮ್ಮೆಲೇ ಚುರುಕಾಗುತ್ತದೆ. ಅನುಪಾತ 1.4ನ್ನು ದಾಟಿದರೆ ಸಾಮಾನ್ಯವಾಗಿ ಕೊರತೆಯೆಂದು ತಿಳಿಯುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಹತಾಬ್ ಬಾಮ್‌ಜಿಯವರು ಈ ಕಿಣ್ವಕ್ಕೂ ಮನುಷ್ಯರ ರೈಬೋಫ್ಲೇವಿನ್ ಸ್ಥಿತಿಗೂ ಇರುವ ಸಂಬಂಧವನ್ನು 1969ರಲ್ಲಿಯೇ ಪ್ರಕಟಿಸಿದ್ದರು. ನಮ್ಮ ದೇಶದವರ ಕೊಡುಗೆ ಇದರಲ್ಲಿಯೂ ಇದೆಯೆಂಬುದು ಹೆಮ್ಮೆಯ ಸಂಗತಿ.

ಹುಟ್ಟಿನಿಂದಲೇ ಗೂಡು ಸಡಿಲವಾಗಿರುವವರೂ ಇದ್ದಾರೆ. ಫೋಲೇಟ್ ಸತ್ವಕ್ಕೆ ಸಂಬಂಧಿಸಿದ ಒಂದು ಕಿಣ್ವ ಕೆಲವರಲ್ಲಿ ವಂಶಪಾರಂಪರ್ಯವಾಗಿ ತುಸು ಬದಲಾಗಿದ್ದು, ಎಫ್‌ಎಡಿ ಅದರಿಂದ ಬೇಗ ಜಾರಿಹೋಗುತ್ತದೆ. ಅಂಥವರಿಗೆ ದಿನಕ್ಕೆ 1.6 ಮಿಲಿಗ್ರಾಂ ರೈಬೋಫ್ಲೇವಿನ್ ಹೆಚ್ಚುವರಿಯಾಗಿ ಕೊಟ್ಟಾಗ ರಕ್ತದೊತ್ತಡ ಇಳಿಯುವುದನ್ನು ಉತ್ತರ ಐರ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಇದು ಆ ಬದಲಾವಣೆಯುಳ್ಳವರಿಗೆ ಮಾತ್ರ ಅನ್ವಯಿಸುವ ಮಾತು. ಇದನ್ನೋದಿ ಯಾರೂ ರಕ್ತದೊತ್ತಡದ ಮಾತ್ರೆಯನ್ನು ಬಿಡಬಾರದು.

ಅಡುಗೆಮನೆಯಲ್ಲಿ

ಹೆಚ್ಚು ದೇಹಶ್ರಮವಿಲ್ಲದ ವಯಸ್ಕರಿಗೆ ದಿನಕ್ಕೆ ಸುಮಾರು 2 ಮಿಲಿಗ್ರಾಂ ರೈಬೋಫ್ಲೇವಿನ್ ಬೇಕೆಂದು 2020ರ ರಾಷ್ಟ್ರೀಯ ಶಿಫಾರಸು ಹೇಳುತ್ತದೆ. ಭದ್ರಾ ನಾಲೆಯ ನೀರು ಬಂದ ಮೇಲೆ ದಾವಣಗೆರೆ, ಹರಿಹರ ಸೀಮೆ ಭತ್ತದ ಸೀಮೆಯಾಯಿತು. ತಟ್ಟೆಯಲ್ಲಿ ಅನ್ನದ ಪಾಲು ಹೆಚ್ಚಿತು. ಹೊಳಪು ಕೊಟ್ಟ ಅಕ್ಕಿಯ 100 ಗ್ರಾಮಿನಲ್ಲಿ ಈ ಸತ್ವ ಇರುವುದು ಸುಮಾರು 0.05 ಮಿಲಿಗ್ರಾಂ ಮಾತ್ರ. ಜೋಳ ಮತ್ತು ರಾಗಿಯಲ್ಲಿ ಅದರ ಎರಡು ಮೂರು ಪಟ್ಟು ಉಂಟು. ಮಂಡಕ್ಕಿಯೂ ಅಕ್ಕಿಯ ಕುಲದ್ದೇ ಆದ್ದರಿಂದ ಅದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಹಾಲಿನ 100 ಗ್ರಾಮಿನಲ್ಲಿ 0.1ರಿಂದ 0.2 ಮಿಲಿಗ್ರಾಂ ಇರುತ್ತದೆ. ಮಾಂಸಾಹಾರವಿಲ್ಲದ ನಮ್ಮ ಮನೆಗಳಲ್ಲಿ ಹಾಲು, ಮೊಸರು, ಮಜ್ಜಿಗೆಗಳೇ ಇದಕ್ಕೆ ಮುಖ್ಯ ಆಧಾರ. ಆದರೆ ಅವೊಂದೇ ಸಾಲವು. ಸೊಪ್ಪು, ಕಾಳು, ಜೋಳದ ರೊಟ್ಟಿ ಜೊತೆಗಿರಬೇಕು. ಹೆಸರು ಮೊದಲಾದ ಕಾಳುಗಳನ್ನು ಮೊಳಕೆ ಬರಿಸಿದರೆ ಸತ್ವ ಇನ್ನೂ ಹೆಚ್ಚುತ್ತದೆ.

ಬಿಸಿಗೆ ಈ ಸತ್ವ ಅಷ್ಟಾಗಿ ಹೆದರುವುದಿಲ್ಲ. ಹಾಲು ಕಾಯಿಸಿದರೆ ಹೆಚ್ಚು ನಷ್ಟವಿಲ್ಲ. ಅದರ ಶತ್ರು ಬೆಳಕು. ಪಾರದರ್ಶಕ ಪಾತ್ರೆಯಲ್ಲಿ ಹಾಲನ್ನು ಬಿಸಿಲಿನಲ್ಲಿಟ್ಟರೆ ಎರಡು ಗಂಟೆಯೊಳಗೆ ಸುಮಾರು ಅರ್ಧಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ರೈಬೋಫ್ಲೇವಿನ್ ಹಾಳಾಗುತ್ತದೆ. ಹಾಲಿನ ಪೊಟ್ಟಣ ಬೆಳಗಿನ ಬಿಸಿಲಿನಲ್ಲಿ ಬಾಗಿಲ ಬಳಿ ಬಿದ್ದಿರದಂತೆ ನೋಡಿಕೊಳ್ಳಬೇಕು. ಮೊಸರು ಮಜ್ಜಿಗೆಗಳನ್ನು ಮುಚ್ಚಿದ ಪಾತ್ರೆಯಲ್ಲಿಡಬೇಕು. ಎರಡನೆಯ ಶತ್ರು ಅಡುಗೆ ಸೋಡ. ಕಾಳು ಬೇಗ ಬೇಯಲೆಂದೂ ಸೊಪ್ಪು ಹಸಿರಾಗಿ ಕಾಣಲೆಂದೂ ಚಿಟಿಕೆ ಸೋಡ ಹಾಕುವ ರೂಢಿ ಕೆಲವೆಡೆ ಇದೆ. ಕ್ಷಾರದಲ್ಲಿ ಈ ಸತ್ವ ನಿಲ್ಲದು. ಮೂರನೆಯದು ಚೆಲ್ಲುವ ಅಭ್ಯಾಸ. ಅನ್ನದ ಗಂಜಿ, ಸೊಪ್ಪು ಬೆಂದ ನೀರು, ಮೊಸರಿನ ತಿಳಿ ಇವುಗಳೊಡನೆ ಸತ್ವವೂ ಹರಿದುಹೋಗುತ್ತದೆ. ಗಂಜಿಯನ್ನೂ ಕಟ್ಟನ್ನೂ ಸಾರಿಗೆ ಬಳಸುತ್ತಿದ್ದ ಹಿಂದಿನವರ ಪದ್ಧತಿಯಲ್ಲಿ ಉಳಿತಾಯವೂ ಇತ್ತು, ಆರೋಗ್ಯವೂ ಇತ್ತು.

ಇನ್ನು ಮಾತ್ರೆಯ ಮಾತು. ಬಿ-ಕಾಂಪ್ಲೆಕ್ಸ್ ನುಂಗಿದ ಮೇಲೆ ಮೂತ್ರ ಗಾಢ ಹಳದಿಯಾಗುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ರೋಗವಲ್ಲ, ರೈಬೋಫ್ಲೇವಿನ್ನಿನದೇ ಬಣ್ಣ. ಗೂಡುಗಳ ಸಂಖ್ಯೆಗೆ ಮಿತಿಯುಂಟು. ಅವು ತುಂಬಿದ ಮೇಲೆ ಉಳಿದದ್ದನ್ನು ದೇಹ ಕೂಡಿಡದೆ ಹೊರಗೆ ಹಾಕುತ್ತದೆ. ವೈದ್ಯರು ಬರೆದುಕೊಟ್ಟಾಗ ಮಾತ್ರೆ ಉಪಕಾರಿಯೇ. ಆದರೆ ವಾರದ ಸತ್ವವನ್ನೆಲ್ಲ ಒಂದೇ ದಿನ ನುಂಗಿ ಉಳಿಸಿಕೊಳ್ಳುತ್ತೇವೆಂಬುದು ನಡೆಯದ ಮಾತು. ಈ ಸತ್ವ ದಿನವೂ ಸ್ವಲ್ಪ ಸ್ವಲ್ಪವಾಗಿ ಬರಬೇಕು. ಅದನ್ನು ಹಿಡಿದು ದುಡಿಸಲು ಪ್ರೋಟೀನೂ ಬೇಕಾದುದರಿಂದ ಬೇಳೆಕಾಳುಗಳೂ ಊಟದಲ್ಲಿರಬೇಕು.

ಬೆಣ್ಣೆದೋಸೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ದಾವಣಗೆರೆಯವರಿಗೆ ಹಾಗೆ ಹೇಳಿದರೆ ಕೇಳುವವರಾದರೂ ಯಾರು? ತಿಂದ ದಿನ ಒಂದು ಲೋಟ ಮಜ್ಜಿಗೆಯನ್ನೂ ಕುಡಿಯಿರಿ ಎಂಬುದಷ್ಟೇ ನಮ್ಮ ಸೂಚನೆ. ಆ ಲೋಟ ಮೊದಲು ತಲುಪಬೇಕಾದುದು ಬಸುರಿಗೆ, ಬಾಣಂತಿಗೆ, ಬೆಳೆಯುವ ಮಗುವಿಗೆ, ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ತಾಯಿಗೆ.